ನೀರುಬಣ್ಣದ ಕಾಶಿ

ಭಾನುವಾರ ಬೆಳಿಗ್ಗೆ ಹನುಮಾನ್ ಘಾಟಿನಿಂದ ಕೇದಾರ ಘಾಟಿನವರೆಗೆ ಮೆಟ್ಟಿಲುಗಳ ಮೇಲೆ ನಡೆದುಹೋಗುವುದು ನನಗೆ ರೂಢಿಯಾಗಿದೆ. ನಡುವೆ ಸಿಗುವ ಕರ್ನಾಟಕ ಘಾಟಿನಲ್ಲಿ ಒಂದು ಗಳಿಗೆ ಕೂರದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಪಕ್ಕದ ಹರಿಶ್ಚಂದ್ರ ಘಾಟಿನ ಹೊಗೆ ಗಾಳಿ ತಿರುಗಿದಾಗ ಇತ್ತ ಬರುವುದುಂಟು; ಆದರೂ ನಮ್ಮ ನಾಡಿನ ಹೆಸರು ಹೊತ್ತ ಜಾಗವಲ್ಲವೆ! ಚಳಿಗಾಲ ಬಂತೆಂದರೆ ಅಲ್ಲಿ ತೊಡೆಯ ಮೇಲೆ ಹಲಗೆ, ಬದಿಯಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು ಚಿತ್ರ ಬರೆಯುವವರು ಕಾಣಿಸಿಕೊಳ್ಳುತ್ತಾರೆ. ಕೆಲವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಕೆಲವರು ಪುಣೆ, ಕಲ್ಕತ್ತೆಗಳಿಂದ ಬಂದವರು.

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನನಗೆ ಇವರೇ ನೆನಪಾದರು. ನಾನು ಕುಂಚ ಹಿಡಿದವನಲ್ಲ. ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವವನು. ಹಾಗಾಗಿ ಚಿತ್ರ ಕಂಡರೂ ನನಗೆ ಮೊದಲು ಹೊಳೆಯುವ ಪ್ರಶ್ನೆ, ಇದಕ್ಕೆ ದುಡ್ಡು ಕೊಟ್ಟವರು ಯಾರು ಎಂಬುದು. ರಸಿಕರಿಗೆ ಇದು ಒರಟಾಗಿ ಕೇಳಿಸಬಹುದು. ಆದರೆ ಕಾಶಿಯ ನೀರುಬಣ್ಣದ ಚಿತ್ರಗಳಿಗೆ ಎರಡು ಶತಮಾನಕ್ಕೆ ಮಿಕ್ಕಿದ ಚರಿತ್ರೆಯಿದೆ. ಅದನ್ನು ಈ ಪ್ರಶ್ನೆಯ ಎಳೆ ಹಿಡಿದು ನೋಡಿದರೆ ಯಾವ ಚಿತ್ರದಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಮೊದಲು ಈ ಬಣ್ಣದ ಸ್ವಭಾವವನ್ನು ಹೇಳಬೇಕು. ಗೋಂದಿನಲ್ಲಿ ಅರೆದ ಬಣ್ಣವನ್ನು ನೀರಿನಲ್ಲಿ ಕದಡಿ ಕಾಗದದ ಮೇಲೆ ತೆಳುವಾಗಿ ಹರಿಯಬಿಡುತ್ತಾರೆ. ಅಪ್ಪಟ ನೀರುಬಣ್ಣದಲ್ಲಿ ಬಿಳಿ ಎಂಬ ಬಣ್ಣವೇ ಇಲ್ಲ. ಕಾಗದದ ಬಿಳುಪೇ ಬೆಳಕು. ಬೆಳಕಿರುವ ಜಾಗವನ್ನು ಮೊದಲೇ ಬಿಟ್ಟುಕೊಂಡು, ತಿಳಿಯಿಂದ ಗಾಢಕ್ಕೆ ಹೋಗಬೇಕು. ಒಮ್ಮೆ ಮಸಿಯಾದರೆ ತೈಲಚಿತ್ರದಂತೆ ಮೇಲೆ ಬಳಿದು ಮುಚ್ಚುವುದಕ್ಕಾಗುವುದಿಲ್ಲ. ಕಾಶಿಗೆ ಈ ಬಣ್ಣ ಒಪ್ಪುವುದಕ್ಕೂ ಕಾರಣವಿದೆ. ಇಲ್ಲಿ ಗಂಗೆ ಉತ್ತರಕ್ಕೆ ಹರಿಯುವುದರಿಂದ ಘಾಟುಗಳೆಲ್ಲ ಪೂರ್ವಾಭಿಮುಖ. ಎದುರು ದಂಡೆಯಲ್ಲಿ ಕಟ್ಟಡಗಳ ಅಡ್ಡಿಯಿಲ್ಲ. ಸೂರ್ಯ ಮೇಲೆದ್ದೊಡನೆ ಬೆಳಕು ನೀರಿಗೂ ಮೆಟ್ಟಿಲಿಗೂ ಒಟ್ಟಿಗೆ ಬೀಳುತ್ತದೆ. ಆದರೆ ಪುಷ್ಯಮಾಸದ ಮಂಜಿನಲ್ಲಿ ಬಳಿದ ಬಣ್ಣ ಗಂಟೆಯಾದರೂ ಒಣಗುವುದಿಲ್ಲ. ಜ್ಯೇಷ್ಠದ ಲೂ ಗಾಳಿಯಲ್ಲಿ ಕುಂಚ ಎತ್ತುವ ಮೊದಲೇ ಒಣಗಿಬಿಡುತ್ತದೆ. ಇಲ್ಲಿ ಬರೆಯುವವನು ಗಡಿಯಾರವನ್ನೂ ಪಂಚಾಂಗವನ್ನೂ ನೋಡಿಕೊಂಡು ಬರೆಯಬೇಕು.

ಈ ಘಾಟುಗಳ ಚಿತ್ರ ಬರೆದ ಮೊದಲ ಯೂರೋಪಿಯನ್ ವೃತ್ತಿಕಲಾವಿದರಲ್ಲಿ ವಿಲಿಯಂ ಹಾಜಸ್ ಒಬ್ಬ. ಕ್ಯಾಪ್ಟನ್ ಕುಕ್ಕನ ಎರಡನೆಯ ಸಮುದ್ರಯಾನದಲ್ಲಿ ಚಿತ್ರಗಾರನಾಗಿದ್ದವನು. ೧೭೮೧ರಲ್ಲಿ ವಾರೆನ್ ಹೇಸ್ಟಿಂಗ್ಸನ ಪರಿವಾರದೊಂದಿಗೆ ಕಾಶಿಗೆ ಬಂದ. ಬಂದ ಗಳಿಗೆ ಒಳ್ಳೆಯದಲ್ಲ. ರಾಜಾ ಚೇತಸಿಂಹನ ಜನ ತಿರುಗಿಬಿದ್ದು ಹೇಸ್ಟಿಂಗ್ಸ್ ಚುನಾರ್ ಕೋಟೆಗೆ ಓಡಬೇಕಾಯಿತು, ಚಿತ್ರಗಾರನೂ ಓಡಿದ. ಊರಿಗೆ ಮರಳಿ ಈ ದೇಶದ ನೋಟಗಳನ್ನು ಅಚ್ಚು ಹಾಕಿಸಿ ಮಾರಿದ. ಆತನ ಕೊನೆಯ ಕಥೆ ನನ್ನಂತಹವರಿಗೆ ವಿಶೇಷವಾಗಿ ನಾಟುತ್ತದೆ: ಚಿತ್ರ ಬರೆಯುವುದನ್ನು ಬಿಟ್ಟು ಡಾರ್ಟ್‌ಮತ್ ಎಂಬ ಊರಿನಲ್ಲಿ ಒಂದು ಬ್ಯಾಂಕಿಗೆ ಪಾಲುದಾರನಾದ, ೧೭೯೭ರಲ್ಲಿ ಬ್ಯಾಂಕು ಮುಳುಗಿತು, ಅದೇ ವರ್ಷ ಅವನೂ ತೀರಿಕೊಂಡ.

ಅನಂತರ ಬಂದವರು ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ. ೧೭೮೬ರಲ್ಲಿ ಕಲ್ಕತ್ತೆಗೆ ಇಳಿದು, ೧೭೮೮ರಿಂದ ಗಂಗೆಯ ಮೇಲ್ಗಡೆಗೆ ಪ್ರಯಾಣಮಾಡುತ್ತಾ ಕಾಶಿಯ ದೃಶ್ಯಗಳನ್ನೂ ಬರೆದುಕೊಂಡರು. ೧೭೯೨ರಲ್ಲಿ ಇವರೇ ಮೈಸೂರು ಸೀಮೆಯ ಕಡೆಗೂ ಹೋದರು. ಊರಿಗೆ ಹಿಂದಿರುಗಿ ೧೪೪ ದೃಶ್ಯಗಳನ್ನು ತಾಮ್ರದ ತಗಡಿನಿಂದ ಅಚ್ಚುಹಾಕಿ ಮಾರಿದರು. ಕೊಂಡವರು ಅಲ್ಲಿಯ ಶ್ರೀಮಂತರು. ಅವರಿಗೆ ಬೇಕಾಗಿದ್ದದ್ದು ಹಳೆಯ ಕಟ್ಟಡ, ದೊಡ್ಡ ಮರ, ಮೂಲೆಯಲ್ಲಿ ಎರಡು ಮೂರು ಸಣ್ಣ ಮನುಷ್ಯರು. ಆ ಮನುಷ್ಯರಿಗೆ ಮುಖವಿಲ್ಲ.

ಜೇಮ್ಸ್ ಪ್ರಿನ್ಸೆಪ್‌ನ ರೀತಿ ಬೇರೆ. ೧೮೨೦ರಿಂದ ೧೮೩೦ರವರೆಗೆ ಕಾಶಿಯ ಟಂಕಸಾಲೆಯಲ್ಲಿ ಬೆಳ್ಳಿಬಂಗಾರಗಳ ಶುದ್ಧಿಯನ್ನು ಪರೀಕ್ಷಿಸುವುದು ಅವನ ಉದ್ಯೋಗ. ಸಂಬಳ ಆಫೀಸಿನಿಂದ ಬರುತ್ತಿತ್ತು, ಚಿತ್ರದಿಂದ ಹೊಟ್ಟೆ ಹೊರೆಯಬೇಕಾಗಿರಲಿಲ್ಲ. ಆದ್ದರಿಂದಲೇ ಇರಬೇಕು, ಗ್ರಹಣಸ್ನಾನದ ಜನಸಂದಣಿ, ಮೊಹರಮ್ಮಿನ ತಾಜಿಯಾ ಮೆರವಣಿಗೆ ಇವೆಲ್ಲ ಅವನ ಕಣ್ಣಿಗೆ ಬಿದ್ದವು. ೧೮೩೦ರ ದಶಕದ ಮೊದಲ ವರ್ಷಗಳಲ್ಲಿ ಅವನ ಚಿತ್ರಗಳು ಕಲ್ಲಚ್ಚಿನಲ್ಲಿ ಪ್ರಕಟವಾದುವು. ಬ್ರಾಹ್ಮೀ ಲಿಪಿಯ ಗಂಟು ಬಿಡಿಸಿದವನೂ ಇವನೇ, ೧೮೩೭ರಲ್ಲಿ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಾಗ ಅದನ್ನು ಓದಲಾದದ್ದು ಈ ಟಂಕಸಾಲೆಯ ನೌಕರನ ಪುಣ್ಯದಿಂದ.

ಇನ್ನು ಈ ಊರಿನ ಚಿತ್ರಗಾರರು. ದೊರೆಗಳು ದುರ್ಬಲರಾಗಿ, ಕೊಳ್ಳುವವರು ಕಂಪನಿಯ ಸಾಹೇಬರೇ ಆದಾಗ ಮೊಗಲ್ ಪರಂಪರೆಯ ಕುಂಚದವರು ಸಾಹೇಬರ ರುಚಿಗೆ ತಿರುಗಿದರು. ಪಾಟ್ನಾ, ಮುರ್ಷಿದಾಬಾದು, ತಿರುಚಿನಾಪಳ್ಳಿಗಳಂತೆ ಕಾಶಿಯಲ್ಲಿಯೂ ಅಗಸ, ಕ್ಷೌರಿಕ, ನೇಕಾರ, ಪಾಲಕಿ ಹೊರುವವರು ಎಂದು ಕಸುಬಿಗೊಂದರಂತೆ ಚಿತ್ರ ಬರೆದು, ಕಟ್ಟು ಕಟ್ಟಾಗಿ ಮಾರುತ್ತಿದ್ದರು. ಕಾಗದದ ಮೇಲಷ್ಟೇ ಅಲ್ಲ, ಕಾಗೆಬಂಗಾರವೆಂದು ನಾವು ಕರೆಯುವ ಅಭ್ರಕದ ಹಾಳೆಯ ಮೇಲೂ ಬರೆದರು. ಇದರಲ್ಲೊಂದು ತಮಾಷೆಯ ಬಗೆಯಿತ್ತು: ರಟ್ಟಿನ ಮೇಲೆ ಒಂದೇ ಮುಖ, ಅಭ್ರಕದ ಹಾಳೆಗಳ ಮೇಲೆ ಬರಿಯ ಉಡುಪು. ಮುಖದ ಮೇಲೆ ಹಾಳೆ ಬದಲಿಸುತ್ತಾ ಹೋದರೆ ಅದೇ ಮನುಷ್ಯ ಒಮ್ಮೆ ಸಿಪಾಯಿ, ಒಮ್ಮೆ ಸಾಧು! ಮಕ್ಕಳ ಆಟದಂತೆ ಕಂಡರೂ ಯೋಚಿಸಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಕೊಳ್ಳುವವನಿಗೆ ಮುಖ ಬೇಕಾಗಿರಲಿಲ್ಲ, ಕಸುಬು ಬೇಕಾಗಿತ್ತು. ಛಾಯಾಚಿತ್ರ ಬಂದಮೇಲೆ ಅದೂ ಬೇಡವಾಯಿತು. ಬಹಳ ಮಂದಿ ಕುಂಚ ಕೆಳಗಿಟ್ಟರು. ಕೊನೆಯವರಲ್ಲಿ ಉಸ್ತಾದ್ ರಾಮಪ್ರಸಾದರಿಗೆ ರಾಯ್ ಕೃಷ್ಣದಾಸರ ಆಶ್ರಯ ದೊರೆಯಿತು. ಕೃಷ್ಣದಾಸರು ೧೯೨೦ರಲ್ಲಿ ಹುಟ್ಟುಹಾಕಿದ ಸಂಸ್ಥೆಯೇ ಭಾರತ ಕಲಾ ಭವನ. ೧೯೫೦ರಲ್ಲಿ ಅದು ಹಿಂದೂ ವಿಶ್ವವಿದ್ಯಾಲಯಕ್ಕೆ ಸೇರಿತು. ಇಲ್ಲಿರುವ ನಮ್ಮವರು ಊರಿನಿಂದ ಬಂದ ನೆಂಟರನ್ನು ವಿಶ್ವನಾಥನಿಗೂ ಸಾರಾನಾಥಕ್ಕೂ ಕರೆದೊಯ್ಯುತ್ತೇವೆ, ಕಲಾ ಭವನಕ್ಕೆ ಕರೆದೊಯ್ಯುವುದಿಲ್ಲ. ನಾನೂ ಐದು ವರ್ಷ ಹೋಗಿರಲಿಲ್ಲ.

ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಎಂಬುದು ವಾಚಕರಿಗೆ ಗೊತ್ತೇ ಇದೆ. ನೀರುಬಣ್ಣದ ಕಥೆ ಕನ್ನಡ ನಾಡಿಗೆ ಬರುವುದೂ ಆ ಪ್ರಭುಗಳ ಮೂಲಕವೇ. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರನ್ನು ೧೯೦೯ರಲ್ಲಿ ವಿದ್ಯಾರ್ಥಿವೇತನ ಕೊಟ್ಟು ಕಲ್ಕತ್ತೆಯ ಕಲಾಶಾಲೆಗೆ ಕಳುಹಿಸಿದವರು ಅವರು. ಅಲ್ಲಿ ಗುರುಗಳು ಅವನೀಂದ್ರನಾಥ ಠಾಕೂರರು. ಪಾಟ್ನಾ ಪರಂಪರೆಯ ಈಶ್ವರೀಪ್ರಸಾದರೂ ಆ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಸಾಹೇಬರಿಗಾಗಿ ಅಭ್ರಕದ ಮೇಲೆ ಬರೆದ ಮನೆತನದ ವಿದ್ಯೆ ಹೀಗೆ ತರಗತಿಗೆ ಬಂದಿತ್ತು. ೧೯೦೩ರಲ್ಲಿ ಜಪಾನಿನಿಂದ ಬಂದ ಯೊಕೊಯಾಮಾ ತೈಕಾನ್ ತೇವದ ಕುಂಚದಿಂದ ಕಾಗದ ನೆನೆಸುವುದನ್ನು ನೋಡಿದ ಅವನೀಂದ್ರರು ಒಂದು ಹೆಜ್ಜೆ ಮುಂದೆ ಹೋಗಿ, ಬರೆದ ಹಾಳೆಯನ್ನೇ ನೀರಿನಲ್ಲಿ ಅದ್ದಿದರು. ಬಣ್ಣ ಬಳಿಯುವುದು, ಒಣಗಿಸುವುದು, ಅದ್ದುವುದು, ಮತ್ತೆ ಬಳಿಯುವುದು. ಹೆಚ್ಚಾದದ್ದು ತೊಳೆದುಹೋಗಿ ಉಳಿದದ್ದು ಕಾಗದದ ಒಳಕ್ಕೆ ಇಳಿಯುತ್ತದೆ. ಇದೇ ‘ವಾಷ್’ ಪದ್ಧತಿ.

ಊರಿಗೆ ಮರಳಿದ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಅರಮನೆಗೆ ಗಾರೆಯ ಉಬ್ಬುಚಿತ್ರಗಳನ್ನು ಮಾಡಿಕೊಟ್ಟರು. ಆದರೆ ೧೯೨೬ರಲ್ಲಿ ಊಟಿಯಲ್ಲಿಯೂ ೧೯೩೪ರಲ್ಲಿ ಕೊಡೈಕನಾಲಿನಲ್ಲಿಯೂ ಅವರು ಬರೆದ ನೀರುಬಣ್ಣದ ಚಿತ್ರಗಳೇ ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ. ರಾಮಾಯಣದ ಪ್ರಸಂಗಗಳನ್ನು ಬರೆದ ಕೈ ಇಲ್ಲಿ ಗುಡ್ಡದ ಮೇಲಿನ ಮಂಜನ್ನು, ಸರೋವರದ ಮೇಲಿನ ಬೆಳದಿಂಗಳನ್ನು ಬರೆಯಿತು. ಮನುಷ್ಯರಿಲ್ಲ, ಕಥೆಯಿಲ್ಲ. ಚಿತ್ರಗಳನ್ನು ಮಾರುವುದಕ್ಕೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಮಂಜನ್ನು ಬರೆದುಕೊಡಿ ಎಂದು ಯಾವ ಗಿರಾಕಿಯೂ ಮುಂಗಡ ಕೊಡುವುದಿಲ್ಲ. ಕೊಡುವವರನ್ನು ಕಾಯದಿದ್ದುದರಿಂದಲೇ ಅದು ಸಾಧ್ಯವಾಯಿತು. ಹಾಗೆಂದು ಅದು ಸುಲಭದ ಬಾಳಲ್ಲ. ೧೯೬೫ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಎದ್ದದ್ದು ಅನಂತರ.

ಅದೇ ಜಾತಿಯ ಇನ್ನೊಬ್ಬರು ರುಮಾಲೆ ಚೆನ್ನಬಸವಯ್ಯನವರು (೧೯೧೦–೧೯೮೮). ಸ್ವಾತಂತ್ರ್ಯ ಚಳವಳಿ, ‘ತಾಯಿನಾಡು’ ಪತ್ರಿಕೆಯ ಕೆಲಸ ಎಂದು ಬಹುಕಾಲ ಕುಂಚ ಬಿಟ್ಟಿದ್ದವರು ಮತ್ತೆ ಹಿಡಿದು ಬೆಂಗಳೂರಿನ ಹೂಮರಗಳನ್ನು ಬರೆದರು. ಅವರ ಎಷ್ಟೋ ಮರಗಳು ಈಗ ಚಿತ್ರದಲ್ಲಿ ಮಾತ್ರ ಇವೆ.

ಮತ್ತೆ ಘಾಟಿಗೆ ಬರೋಣ. ಈಗಿನ ನೀರುಬಣ್ಣದವರು ವೆಂಕಟಪ್ಪನವರಂತೆ ಅದ್ದಿ ಒಣಗಿಸಿ ಕಾಯುವವರಲ್ಲ. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ, ಒಂದು ಒಂದೂವರೆ ಗಂಟೆಯಲ್ಲಿ ಚಿತ್ರ ಮುಗಿಯಬೇಕು. ಪುಣೆಯ ಮಿಲಿಂದ್ ಮುಳಿಕ್, ಬಂಗಾಳದ ಪರೇಶ್ ಮೈತಿ, ಸಮೀರ್ ಮಂಡಲ್ ಮೊದಲಾದವರು ಈ ಮಾಧ್ಯಮಕ್ಕೆ ಮರ್ಯಾದೆ ತಂದಿದ್ದಾರೆ. ನಾಗಪುರದ ಬಿಜಯ್ ಬಿಸ್ವಾಲ್ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಿಸುತ್ತಿದ್ದವರು. ಮಳೆ ಬಿದ್ದ ಪ್ಲಾಟ್‌ಫಾರಮ್ಮನ್ನು ಅವರಂತೆ ಬರೆದವರಿಲ್ಲ, ಏಕೆಂದರೆ ಅದರ ಮೇಲೆ ಅವರಷ್ಟು ನಡೆದವರಿಲ್ಲ. ಆದರೆ ಘಾಟಿನ ಹುಡುಗರ ಹಲಗೆಗಳ ಮೇಲೆ ನಾನು ಕಾಣುವುದು ಹೆಚ್ಚಾಗಿ ಮೂರೇ ವಸ್ತು: ದೋಣಿ, ಬಿದಿರಿನ ಛತ್ರಿ, ಕಾವಿಯ ಸಾಧು. ಮದನಪುರದ ಮಗ್ಗವನ್ನಾಗಲಿ, ಗಲ್ಲಿಯ ಹಾಲಿನಂಗಡಿಯನ್ನಾಗಲಿ ಬರೆದವರನ್ನು ನಾನು ಕಂಡಿಲ್ಲ. ಸಾಹೇಬರ ಕಾಲದ ಕಟ್ಟುಗಳಲ್ಲಿ ನೇಕಾರನಾದರೂ ಇದ್ದ.

ಕಳೆದ ಮಾಘದಲ್ಲಿ ಒಬ್ಬ ಹುಡುಗ ಕರ್ನಾಟಕ ಘಾಟನ್ನೇ ಬರೆಯುತ್ತಿದ್ದ. ಒಳ್ಳೆಯ ಕೈ, ಮೆಟ್ಟಿಲುಗಳ ಅಂಚಿನ ಬಿಳುಪನ್ನು ಎಷ್ಟು ಜಾಣತನದಿಂದ ಬಿಟ್ಟಿದ್ದನೆಂದರೆ ಬಿಸಿಲು ತಾನಾಗಿ ಬಿದ್ದಂತಿತ್ತು. ಗೋಡೆಯ ಮೇಲಿನ ಘಾಟಿನ ಹೆಸರು ಮಾತ್ರ ಇರಲಿಲ್ಲ. ಮರೆತೆಯೇನಪ್ಪಾ ಎಂದೆ. “ಇಲ್ಲ ಭೈಯಾಜಿ, ಬೇಕೆಂತಲೇ ಬಿಟ್ಟೆ. ಹೆಸರು ಬರೆದರೆ ಈ ಘಾಟು ಕಂಡವರು ಮಾತ್ರ ಕೊಳ್ಳುತ್ತಾರೆ. ಬರೆಯದಿದ್ದರೆ ಯಾರು ಬೇಕಾದರೂ ಕೊಂಡಾರು,” ಎಂದ. ಎರಡು ಶತಮಾನದ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳಿಬಿಟ್ಟ. ನಾನೇ ಕೊಳ್ಳುತ್ತೇನೆ, ಹೆಸರು ಬರೆ ಎಂದೆ. ಆಸೆಗೆ ಮಿತಿಯುಂಟೆ? ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ. ಅವನಿಗೆ ಅದು ಅಕ್ಷರವಲ್ಲ, ಚಿತ್ರ. ಸುರುಳಿ ಸುರುಳಿಯಾಗಿ ನೋಡಿಕೊಂಡು ಸಣ್ಣ ಕುಂಚದಿಂದ ಇಳಿಸಿದ.

ಮನೆಗೆ ತಂದು, ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿದೆ. ಈ ಬಣ್ಣಕ್ಕೆ ಬಿಸಿಲು ಶತ್ರು. ಮೂರನೆಯ ತರಗತಿಯ ನಮ್ಮ ಮಗಳು ಶಾಲೆಯಲ್ಲಿ ಹಿಂದಿಯನ್ನೇ ಓದುವವಳು, ಅವಳಮ್ಮ ಮನೆಯಲ್ಲಿ ಕನ್ನಡದ ಕಾಗುಣಿತ ತಿದ್ದಿಸುತ್ತಾಳೆ. ಚಿತ್ರದ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಪ್ಪಾ, ಅರ್ಕಾವೊತ್ತು ಬಿಟ್ಟುಹೋಗಿದೆ,” ಎಂದಳು.