ತಂತು-ಲೇಸರಿನ ಕಿರಣಸ್ಥೈರ್ಯ: ಒಂದು ಚಾರಿತ್ರಿಕ ವಿವೇಚನೆ

ಗಾಜಿನ ತಂತುವಿನೊಳಗೆ ಹುಟ್ಟಿ ಬೆಳೆಯುವ ಲೇಸರ್ ಕಿರಣವು ಉಕ್ಕಿನ ಹಲಗೆಯನ್ನು ಕತ್ತರಿಸುವಷ್ಟು ಬಲವನ್ನು ಪಡೆದಿರುವುದು ವಿದಿತವೇ ಆಗಿದೆ. ಇದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ವ್ಯಾಟುಗಳ ಲೆಕ್ಕವನ್ನೇ ಮುಂದಿಡುವರು. ಬಲವೃದ್ಧಿಯೇ ಈ ವಿದ್ಯೆಯ ಚರಿತ್ರೆಯೆಂಬುದು ಅವರ ಪಕ್ಷ. ಈ ಪಕ್ಷವು ಅಪೂರ್ಣವೆಂದು ನಮಗೆ ತೋರುತ್ತದೆ. ಬಲವು ಏರಿದಂತೆಲ್ಲ ಕಿರಣದ ಸ್ಥೈರ್ಯಕ್ಕೆ ಭಂಗ ಬಂದಿತೆಂದೂ, ಒಂದು ದೋಷಕ್ಕೆ ಮಾಡಿದ ಪರಿಹಾರವೇ ಮತ್ತೊಂದು ದೋಷಕ್ಕೆ ಕಾರಣವಾಯಿತೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

1960ರಲ್ಲಿ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲನೆಯ ಲೇಸರನ್ನು ಬೆಳಗಿಸಿದನು. ಮರುವರ್ಷವೇ ಅಮೆರಿಕದ ಎಲಿಯಾಸ್ ಸ್ನಿಟ್ಜರ್ ತಂತುವಿನಲ್ಲಿ ಲೇಸರನ್ನು ರಚಿಸಬಹುದೆಂದು ಪ್ರತಿಪಾದಿಸಿದನು. 1964ರಲ್ಲಿ ಕೋಸ್ಟರನೊಡನೆ ಕೂಡಿ ನಿಯೋಡಿಮಿಯಮ್ ಬೆರೆಸಿದ ಗಾಜಿನ ತಂತುವಿನಲ್ಲಿ ಬೆಳಕನ್ನು ವರ್ಧಿಸಿಯೂ ತೋರಿಸಿದನು. ತಂತುವಿಗೆ ಗರ್ಭವೆಂದೂ ಕವಚವೆಂದೂ ಎರಡು ಭಾಗಗಳುಂಟು. ಗರ್ಭವು ಸಾಕಷ್ಟು ಕಿರಿದಾಗಿದ್ದರೆ ಬೆಳಕು ಒಂದೇ ರೂಪದಲ್ಲಿ ಸಾಗುವುದು. ಹಿರಿದಾದರೆ ಹಲವು ರೂಪಗಳಿಗೆ ಎಡೆಯಾಗುವುದು. ಈ ರೂಪಗಳನ್ನೇ ವಿಜ್ಞಾನಿಗಳು ಮೋಡ್ ಎನ್ನುವರು. ಏಕರೂಪದ ಕಿರಣವು ನಿವಾತದೀಪದಂತೆ ನಿಶ್ಚಲವಾದದ್ದು.

ಕಿರಿದಾದ ಗರ್ಭಕ್ಕೆ ಹೆಚ್ಚಿನ ಬೆಳಕನ್ನು ಉಣಿಸುವುದು ಬಹುಕಾಲ ಕಷ್ಟವಾಗಿದ್ದಿತು. 1988ರಲ್ಲಿ ಸ್ನಿಟ್ಜರನೂ ಅವನ ಸಂಗಡಿಗರೂ ಎರಡು ಕವಚಗಳ ತಂತುವನ್ನು ಪ್ರಕಟಿಸಿ ಈ ಕಷ್ಟವನ್ನು ನೀಗಿದರು. ಒಳಗವಚಕ್ಕೆ ತುಂಬಿದ ಬೆಳಕನ್ನು ಗರ್ಭವು ಉದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಹೀರಿಕೊಳ್ಳುವುದು. ಈ ಮಾರ್ಗದಿಂದಲೇ 2004ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರು ಇಟರ್ಬಿಯಮ್ ತಂತುವೊಂದರಿಂದ 1.36 ಕಿಲೋವ್ಯಾಟ್ ಬಲವನ್ನು ಪಡೆದರು.

ಇಲ್ಲಿ ಮೊದಲನೆಯ ದೋಷವನ್ನು ವಿಚಾರಿಸಬೇಕು. 10 ಮೈಕ್ರಾನ್ ವ್ಯಾಸದ ಗರ್ಭದಲ್ಲಿ 1 ಕಿಲೋವ್ಯಾಟ್ ಬೆಳಕು ಹರಿದರೆ, ಚದರ ಸೆಂಟಿಮೀಟರಿಗೆ 100 ಕೋಟಿ ವ್ಯಾಟ್‌ಗೂ ಮಿಗಿಲಾದ ಸಾಂದ್ರತೆಯುಂಟಾಗುವುದು. ಆಗ 1928ರಲ್ಲಿ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿ ಕಂಡ ಚದರಿಕೆಯೇ ಪ್ರಚೋದಿತವಾಗಿ, ಬೆಳಕಿನ ಒಂದಂಶವನ್ನು ಬೇರೆ ವರ್ಣಕ್ಕೆ ತಿರುಗಿಸಿಬಿಡುವುದು. ಇದಕ್ಕೆ ಪರಿಹಾರವೆಂದು ಗರ್ಭವನ್ನು ಹಿಗ್ಗಿಸಿದರು. ಹಿಗ್ಗಿದ ಗರ್ಭದಲ್ಲಿ ಅನೇಕ ರೂಪಗಳು ಸೇರಿಕೊಳ್ಳುವುವಷ್ಟೆ. ತಂತುವನ್ನು ಸುರುಳಿ ಸುತ್ತಿದರೆ ಬೇಡವಾದ ರೂಪಗಳು ಬಾಗಿನಲ್ಲಿ ಸೋರಿಹೋಗುವುವೆಂದು 2000ದಲ್ಲಿ ಕೋಪ್ಲೊ, ಕ್ಲೈನರ್, ಗೋಲ್ಡ್‌ಬರ್ಗ್ ಎಂಬವರು ತೋರಿಸಿಕೊಟ್ಟರು.

ಆದರೂ ದೋಷವು ಅಳಿಯಲಿಲ್ಲ, ರೂಪಾಂತರವನ್ನು ಹೊಂದಿತು. ಬಲವು ಒಂದು ಮೇರೆಯನ್ನು ಮೀರಿದೊಡನೆ ಸ್ಥಿರವಾಗಿದ್ದ ಕಿರಣವು ಹಠಾತ್ತಾಗಿ ಚಂಚಲವಾಗಿ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಕಾಲದಲ್ಲಿ ಆಕಾರವನ್ನು ಬದಲಿಸುವುದನ್ನು ಜರ್ಮನಿಯ ಯೇನಾ ನಗರದ ಸಂಶೋಧಕರು 2011ರಲ್ಲಿ ವಿವರಿಸಿದರು. ಇದಕ್ಕೆ ಉಷ್ಣವೇ ಮೂಲವೆಂದು ಅದೇ ವರ್ಷ ಅಮೆರಿಕದ ಎ. ವಿ. ಸ್ಮಿತ್ ಮತ್ತು ಜೆ. ಜೆ. ಸ್ಮಿತ್ ನಿರೂಪಿಸಿದರು. 976 ನ್ಯಾನೋಮೀಟರಿನ ಬೆಳಕನ್ನು ಉಂಡು 1064 ನ್ಯಾನೋಮೀಟರಿನ ಬೆಳಕನ್ನು ಕೊಡುವಾಗ ನೂರಕ್ಕೆ ಸುಮಾರು 8 ಪಾಲು ಶಾಖವಾಗಿ ಉಳಿಯುವುದು. ಎರಡು ರೂಪಗಳು ಬೆರೆತಾಗ ತಂತುವಿನುದ್ದಕ್ಕೂ ಬೆಳಕು ಸಾಂದ್ರವಾದ ಎಡೆಗಳು ಸಾಲಾಗಿ ಉಂಟಾಗುವುವು. ಶಾಖವೂ ಅಲ್ಲಿಯೇ ಅಧಿಕ. ಶಾಖದಿಂದ ಗಾಜಿನ ವಕ್ರೀಭವನಾಂಕವು ಏರಿ, ಆ ಸಾಲು ಮೂಲರೂಪದ ಬೆಳಕನ್ನು ಇತರ ರೂಪಕ್ಕೆ ದಾಟಿಸುವುದು.

ಇದಕ್ಕೂ ಪರಿಹಾರಗಳು ದೊರೆತಿವೆ. ಹಳೆಯ ಸುರುಳಿಯ ಉಪಾಯವೇ ಮರಳಿ ಉಪಯೋಗಕ್ಕೆ ಬಂದಿತು. 2013ರಲ್ಲಿ ಯೇನಾದವರು ಒಳಹೋಗುವ ಕಿರಣವನ್ನೇ ಕ್ಷಿಪ್ರವಾಗಿ ಓಲಾಡಿಸಿ ಹೊರಬರುವುದನ್ನು ನಿಲ್ಲಿಸಿದರು. ಬಳಕೆಯಲ್ಲಿ ಗಾಜು ಕಪ್ಪಾಗುವುದರಿಂದಲೂ ಈ ಮೇರೆ ತಗ್ಗುವುದೆಂದು 2015ರಲ್ಲಿ ತಿಳಿದುಬಂದುದರಿಂದ, ಗಾಜಿನ ಶುದ್ಧಿಯ ಕಡೆಗೂ ಲಕ್ಷ್ಯವು ಹರಿಯಿತು.

ಹೀಗಿರಲಾಗಿ, ಈ ಚರಿತ್ರೆಯನ್ನು ವ್ಯಾಟುಗಳ ಪಟ್ಟಿಯಿಂದ ಮಾತ್ರ ಬರೆಯುವುದು ಸಾಧುವಲ್ಲ. ಒಂದು ವ್ಯಾಧಿಯನ್ನು ಶಮನಮಾಡಿದ ಔಷಧವು ಮತ್ತೊಂದನ್ನು ಕೆರಳಿಸಿತೇ ಎಂದು ವೈದ್ಯನು ಪರೀಕ್ಷಿಸುವಂತೆ, ಚರಿತ್ರಕಾರನೂ ಪ್ರತಿಯೊಂದು ವಿಜಯದ ಬಳಿ ನಿಂತು ಅದರಿಂದ ಹುಟ್ಟಿದ ತೊಡಕನ್ನು ವಿಚಾರಿಸುವುದು ಯುಕ್ತ.