ಮರಳಿನ ಮೇಲೆ ಮದ್ರಾಸು

ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದ ಪೆಟ್ಟಿಗೆ ತೆರೆದರೆ ಸಿಗುವ ಜಮೀನಿನ ಕಾಗದಗಳಲ್ಲಿ ಬೆಂಗಳೂರು ಇರುವುದಿಲ್ಲ, ಮೈಸೂರಂತೂ ಇಲ್ಲವೇ ಇಲ್ಲ. ಇರುವುದು ಮದ್ರಾಸು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕುಂಪಣಿಯ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮಾತ್ರ 1956ರ ತನಕ ಮದ್ರಾಸಿನದೇ ಆಗಿ ಉಳಿಯಿತು. ನನ್ನ ಅಜ್ಜಿ ‘ಅದಕ್ಕೆ ಮದ್ರಾಸಿನಿಂದ ಆರ್ಡರು ಬರಬೇಕು’ ಎಂದರೆ ಆ ಕೆಲಸ ಈ ಜನ್ಮದಲ್ಲಿ ಆಗುವುದಿಲ್ಲ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. ಅಜ್ಜಿ ಮದ್ರಾಸನ್ನು ಕಂಡವರಲ್ಲ. ನಾನು ಕಂಡದ್ದು ಆ ಊರು 1996ರಲ್ಲಿ ಚೆನ್ನೈ ಎಂದು ಹೆಸರು ಬದಲಿಸಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಆದರೂ ನನ್ನ ಬಾಯಿಗೆ ಇನ್ನೂ ಮದ್ರಾಸೇ ಬರುತ್ತದೆ.

ಚಿಕ್ಕಮ್ಮ ಮದುವೆಯಾಗಿ ಹೋದದ್ದು ಅಲ್ಲಿನ ತಿರುವಲ್ಲಿಕ್ಕೇಣಿಗೆ. ಅವರ ಮಂಡಿಗೆ ಆಪರೇಷನ್ ಆಗಿದೆ, ನೋಡಿಕೊಂಡು ಬಾ ಎಂದು ಅಮ್ಮ ಹೇಳಿದ್ದರಿಂದ ಮಂಗಳೂರಿನಲ್ಲಿ ರೈಲು ಹತ್ತಿ, ಪಾಲಕ್ಕಾಡಿನ ದಾರಿಯಾಗಿ ರಾತ್ರಿಯೆಲ್ಲ ಕಳೆದು, ಬೆಳಿಗ್ಗೆ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದೆ. ಕರೆದೊಯ್ಯಲು ಬಂದಿದ್ದ ತಂಗಿ, ಅಂದರೆ ಚಿಕ್ಕಮ್ಮನ ಮಗಳು, ಆಟೋದಲ್ಲಿ ಕೂರುವ ಮೊದಲೇ ಹೇಳಿದಳು: “ಅಕ್ಕಾ, ನೀವು ಕಡಲಿನ ಊರಿನವರು ಎಂದು ಇಲ್ಲಿ ನೀರಿಗೆ ಇಳಿಯಬೇಡಿ. ಈ ಕಡಲು ಬೇರೆ.”

ಬೇರೆಯೇ ಹೌದು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಂಜೆ ನಿಂತರೆ ಸೂರ್ಯ ನಮ್ಮ ಕಣ್ಣೆದುರಿಗೇ ನೀರಿಗೆ ಇಳಿಯುತ್ತಾನೆ. ಮರೀನಾದಲ್ಲಿ ಸಂಜೆಗೆ ಸೇರುವ ಸಾವಿರಾರು ಜನ ಸೂರ್ಯನಿಗೆ ಬೆನ್ನು ಹಾಕಿ ಕುಳಿತಿರುತ್ತಾರೆ. ಅವನು ವಿಶ್ವವಿದ್ಯಾಲಯದ ಗುಮ್ಮಟಗಳ ಹಿಂದೆ ಯಾರಿಗೂ ಬೇಡವಾಗಿ ಮುಳುಗುತ್ತಾನೆ, ಎದುರಿನ ನೀರು ನೋಡನೋಡುತ್ತಲೇ ಕಪ್ಪಾಗುತ್ತದೆ. ಮೊದಲ ದಿನ ನನಗೆ ಅದೇನೂ ಹಿಡಿಸಲಿಲ್ಲ. ರಸ್ತೆಯಿಂದ ನೀರಿನವರೆಗೆ ಸೀರೆಯ ನೆರಿಗೆ ಎತ್ತಿಕೊಂಡು ಮರಳಿನಲ್ಲಿ ಕಾಲು ಹುಗಿಯುತ್ತಾ ನಡೆದದ್ದೇ ನಡೆದದ್ದು. ಕೆಲವು ಕಡೆ ಆ ಮರಳಿನ ಅಗಲ 400 ಮೀಟರಿಗೂ ಹೆಚ್ಚು. ದಾರಿಯುದ್ದಕ್ಕೂ ಬಲೂನಿಗೆ ಗುಂಡು ಹೊಡೆಯುವ ಅಂಗಡಿ, ಬಡಕಲು ಕುದುರೆ, ಕಾಗದದ ಚೂರು, ಜೋಳದ ದಿಂಡು. ಗಾಳಿ ತಿರುಗಿದರೆ ಕೂವಂ ಹೊಳೆಯ ವಾಸನೆ. ಅಷ್ಟು ಕಷ್ಟಪಟ್ಟು ನೀರಿನ ಅಂಚಿಗೆ ಹೋದರೆ ಪೊಲೀಸರ ಸೀಟಿ. ಅವರದೂ ತಪ್ಪಲ್ಲ, ಇಲ್ಲಿನ ಸೆಳೆತಕ್ಕೆ ಸಿಕ್ಕಿ ಸಾಯುವವರಿದ್ದಾರೆ. ತೆಂಗಿನಕಾಯಿ, ಮಾವಿನಕಾಯಿ ಚೂರು ಹಾಕಿದ ಬಟಾಣಿ ಸುಂಡಲ್ ಒಂದು ಮಾತ್ರ ನಿಜಕ್ಕೂ ರುಚಿಯಾಗಿತ್ತು. ನಮ್ಮ ಉಸಲಿಯ ತಂಗಿಯೇ ಅದು.

ಆ ಮರಳಿನ ಕಥೆ ತಿಳಿದ ಮೇಲೆ ನನಗೆ ಊರಿನ ಮೇಲೆ ಸ್ವಲ್ಪ ಕುತೂಹಲ ಹುಟ್ಟಿತು. ಅಷ್ಟು ದೊಡ್ಡ ಕಿನಾರೆ ಅಲ್ಲಿ ಮೊದಲು ಇರಲೇ ಇಲ್ಲವಂತೆ. ವಿಜಯನಗರ ಹಾಳಾಗಿ, ಅದರ ಕೊನೆಯ ಅರಸು ಮನೆತನ ಚಂದ್ರಗಿರಿಯ ಸುತ್ತ ಉಸಿರು ಹಿಡಿದುಕೊಂಡಿದ್ದ ಕಾಲದಲ್ಲಿ, 1639ರಲ್ಲಿ, ದಾಮರ್ಲ ವೆಂಕಟಾದ್ರಿ ನಾಯಕನಿಂದ ಇಂಗ್ಲಿಷರು ಕರಾವಳಿಯ ಒಂದು ತುಂಡು ಪಡೆದು ಕೋಟೆ ಕಟ್ಟಲು ಹೊರಟರು. ಬಂದರೇ ಇಲ್ಲದ ಜಾಗ. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು, ಅಲ್ಲಿಂದ ಸಾಮಾನನ್ನೂ ಜನರನ್ನೂ ಮಸೂಲಾ ದೋಣಿಯಲ್ಲಿ ತರಬೇಕು. ಈ ದೋಣಿಗೆ ಒಂದು ಮೊಳೆಯೂ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಾರೆ. ಅಲೆ ಅಪ್ಪಳಿಸಿದಾಗ ಮೊಳೆ ಹೊಡೆದ ದೋಣಿ ಒಡೆಯುತ್ತದೆ, ಹೊಲಿದ ದೋಣಿ ಬಾಗುತ್ತದೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಸಾಮ್ರಾಜ್ಯದ ಭಾರವನ್ನು ಈ ಹೊಲಿಗೆಯ ದೋಣಿಗಳೂ ಅದನ್ನು ನಡೆಸುವ ಬೆಸ್ತರೂ ದಡಕ್ಕೆ ತಂದರು.

ಕಡೆಗೆ 1870ರ ದಶಕದಲ್ಲಿ ಕಲ್ಲಿನ ಗೋಡೆಗಳನ್ನು ಕಡಲಿಗೆ ಚಾಚಿ ಬಂದರು ಕಟ್ಟತೊಡಗಿದರು. 1881ರ ಚಂಡಮಾರುತ ಅದನ್ನು ಮುರಿಯಿತು, ಮತ್ತೆ ಕಟ್ಟಿದರು. ಆ ಕರಾವಳಿಯಲ್ಲಿ ಅಲೆಗಳು ವರ್ಷದ ಹೆಚ್ಚಿನ ಕಾಲ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತಲೇ ಇರುತ್ತವೆ. ಅಡ್ಡಕ್ಕೆ ಗೋಡೆ ಬಂದದ್ದೇ ಮರಳು ಅದರ ದಕ್ಷಿಣಕ್ಕೆ ನಿಂತುಕೊಂಡಿತು, ವರ್ಷದಿಂದ ವರ್ಷಕ್ಕೆ ಬೆಳೆಯಿತು. ಉತ್ತರದ ರಾಯಪುರಂ ಕಡೆಗೆ ಹೋಗಬೇಕಾದ ಮರಳು ಹೋಗಲಿಲ್ಲ, ಅಲ್ಲಿನ ದಡವನ್ನು ಕಡಲು ಕೊರೆಯತೊಡಗಿತು. ಉಳ್ಳಾಲದ ಕಡಲ್ಕೊರೆತವನ್ನು ಮಳೆಗಾಲದಲ್ಲಿ ಕಂಡವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮನೆಯಂಗಳ ಕಳೆದು ಇನ್ನೊಬ್ಬರ ವಾಯುವಿಹಾರಕ್ಕೆ ಜಾಗ ಬಂತು ಎನ್ನಬಹುದು. ಹೊಸದಾಗಿ ಬಂದ ಈ ದಡದ ಬದಿಗೆ 1881ರಿಂದ 1886ರವರೆಗೆ ಗವರ್ನರಾಗಿದ್ದ ಗ್ರಾಂಟ್ ಡಫ್ ಓಡಾಟದ ದಾರಿ ಮಾಡಿಸಿ, ತಾನು ಹಿಂದೆ ಕಂಡಿದ್ದ ಸಿಸಿಲಿಯ ನೆನಪಿನಲ್ಲಿ ಮರೀನಾ ಎಂದು ಹೆಸರಿಟ್ಟ.

ಎರಡನೆಯ ದಿನ ನಾವು ಮರಳಿಗೆ ಇಳಿಯದೆ ರಸ್ತೆಯ ಇನ್ನೊಂದು ಬದಿಯಲ್ಲೇ ನಡೆದೆವು. ಮದ್ರಾಸಿನ ಬಗ್ಗೆ ನನ್ನ ಮನಸ್ಸು ತಿರುಗಿದ್ದು ಅಲ್ಲಿ. ಒಂದು ಕಡೆ ದುಂಡಗೆ, ಹಡಗಿನ ಬೆನ್ನಿನಂತೆ ಕಾಣುವ ಕಟ್ಟಡವಿದೆ. ಈಗ ಅದು ವಿವೇಕಾನಂದರ ಹೆಸರಿನ ಮನೆ. ಆಟೋದವರಿಗೆ ಮಾತ್ರ ಇನ್ನೂ ಐಸ್ ಹೌಸ್. ಅಮೆರಿಕದ ಬೋಸ್ಟನ್ನಿನ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿಸಿ ಇಲ್ಲಿ ಮಾರುತ್ತಿದ್ದ. ಅದನ್ನು ಇಡಲೆಂದು 1840ರ ದಶಕದಲ್ಲಿ ಕಟ್ಟಿಸಿದ ಉಗ್ರಾಣ ಅದು. ದೊರೆಗಳ ಗ್ಲಾಸಿಗೆ ತಂಪು ಬೇಕಿತ್ತು ನೋಡಿ! ಯಂತ್ರದಲ್ಲೇ ಐಸು ತಯಾರಾಗತೊಡಗಿದ ಮೇಲೆ ವ್ಯಾಪಾರ ಮುಚ್ಚಿತು. ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಅದನ್ನು ಕೊಂಡು ವಾಸಕ್ಕೆ ಮನೆ ಮಾಡಿಕೊಂಡರು. 1897ರ ಫೆಬ್ರವರಿಯಲ್ಲಿ ಪಶ್ಚಿಮದಿಂದ ಮರಳಿದ ವಿವೇಕಾನಂದರು ಅಲ್ಲೇ ತಂಗಿದ್ದರು. ಇಷ್ಟನ್ನು ಅಲ್ಲಿಗೆ ಹೋದ ಎಲ್ಲರೂ ಕೇಳಿ ಬರುತ್ತಾರೆ.

ಅನಂತರದ ಕಥೆಯನ್ನು ನನಗೆ ಮೊದಲು ಹೇಳಿದವರು ಮಂಡಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕುಳಿತಿದ್ದ ಚಿಕ್ಕಮ್ಮ. ಆರ್. ಎಸ್. ಸುಬ್ಬಲಕ್ಷ್ಮಿ 1886ರಲ್ಲಿ ಹುಟ್ಟಿದವರು. ಹನ್ನೊಂದು ಹನ್ನೆರಡರ ಪ್ರಾಯದಲ್ಲೇ ವಿಧವೆಯಾದರು. ಮನೆಯವರು ಧೈರ್ಯ ಮಾಡಿ ಓದಿಸಿದರು. ಇದೇ ಮರೀನಾದ ಪ್ರೆಸಿಡೆನ್ಸಿ ಕಾಲೇಜಿನಿಂದ 1911ರಲ್ಲಿ ಪದವಿ ಪಡೆದರು. ಆ ಪ್ರಾಂತದಲ್ಲಿ ಪದವಿ ಪಡೆದ ಮೊದಲ ಹಿಂದೂ ವಿಧವೆ ಅವರೇ. ಕೈಯಲ್ಲಿ ಪದವಿ ಇತ್ತು, ಟೀಚರು ಕೆಲಸ ಮಾಡಿಕೊಂಡು ತನ್ನ ಪಾಡಿಗೆ ಇರಬಹುದಿತ್ತು. ಅವರು ಬಾಲವಿಧವೆಯರನ್ನು ಕೂಡಿಸಿಕೊಂಡು ಓದಿಸಲು ಹೊರಟರು. ಕೆಲವೇ ಹುಡುಗಿಯರಿಂದ ಆರಂಭವಾದ ಆ ವಸತಿ ಮುಂದೆ ಐಸ್ ಹೌಸಿಗೆ ಬಂತು. 1917ರಲ್ಲಿ ಕಟ್ಟಡವನ್ನು ಸರ್ಕಾರವೇ ಕೊಂಡಿತು. ಹೊರಗೆ ಹೊರಟಾಗ ವಿಧವೆ ಎದುರಾದರೆ ಮನೆಗೆ ವಾಪಸು ಹೋಗಿ ನೀರು ಕುಡಿದು ಬರುತ್ತಿದ್ದ ಕಾಲ ಅದು. ಆ ಕಾಲದಲ್ಲಿ ಹಿಂಡು ಹಿಂಡಾಗಿ ಹುಡುಗಿಯರು ಆ ದುಂಡು ಮನೆಯಿಂದ ಹೊರಬಿದ್ದು, ಪುಸ್ತಕ ಹಿಡಿದುಕೊಂಡು, ಕಡಲ ಗಾಳಿಯಲ್ಲಿ ಕಾಲೇಜಿಗೆ ನಡೆಯುತ್ತಿದ್ದರೆಂದು ಯೋಚಿಸಿ.

ನಮ್ಮ ನಂಜನಗೂಡು ತಿರುಮಲಾಂಬ ಅವರಿಗಿಂತ ಒಂದೇ ವರ್ಷಕ್ಕೆ ಚಿಕ್ಕವರು. ಅವರೂ ಎಳೆಯ ಪ್ರಾಯದಲ್ಲೇ ವಿಧವೆಯಾದವರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಹೊರಡಿಸಿ ಹೆಂಗಸರ ಕೈಗೆ ಪುಸ್ತಕ ಕೊಟ್ಟರು. ಮದ್ರಾಸಿನಲ್ಲಿ ಒಬ್ಬರು, ನಂಜನಗೂಡಿನಲ್ಲಿ ಒಬ್ಬರು, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಇದನ್ನು ಹೇಳಿದಾಗ ಚಿಕ್ಕಮ್ಮನಿಗೆ ಬಹಳ ಸಂತೋಷವಾಯಿತು.

ಸುಬ್ಬಲಕ್ಷ್ಮಿಯವರ ಹುಡುಗಿಯರು ನಡೆದು ಹೋಗುತ್ತಿದ್ದ ಕಾಲೇಜು ಅದೇ ರಸ್ತೆಯಲ್ಲಿ ಮುಂದೆ ಸಿಗುತ್ತದೆ. ಹೆಣ್ಣುಮಕ್ಕಳಿಗಾಗಿಯೇ ಮದ್ರಾಸಿನಲ್ಲಿ ಮೊದಲು ಶುರುವಾದ ಕಾಲೇಜು ಅದು. ಡೊರೊತಿ ಡಿ ಲಾ ಹೇ ಎಂಬ ಇಂಗ್ಲಿಷ್ ಮಹಿಳೆ ಪ್ರಾಂಶುಪಾಲೆ. ಕ್ಯಾಪರ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ 1914ರ ಜುಲೈಯಲ್ಲಿ ಪಾಠ ಆರಂಭ. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 22ರ ರಾತ್ರಿ, ಜರ್ಮನರ ಎಮ್ಡನ್ ಹಡಗು ಬಂದು ಊರಿನ ಮೇಲೆ ಗುಂಡು ಹಾರಿಸಿತು. ಎಣ್ಣೆಯ ಟ್ಯಾಂಕುಗಳು ಹೊತ್ತಿ ಉರಿದವು, ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಅಂಥ ಸಮಯದಲ್ಲೂ ಕಾಲೇಜು ಉಳಿಯಿತು. 1917ರಲ್ಲಿ ಕ್ವೀನ್ ಮೇರೀಸ್ ಎಂಬ ಹೆಸರು ಬಂತು.

ಅದರ ಗೇಟಿನ ಎದುರು ನಾನು ತುಸು ಹೊತ್ತು ನಿಂತೆ. ನಮ್ಮ ಮಂಗಳೂರಿನ ಹುಡುಗಿಯೊಬ್ಬಳು ಅಲ್ಲಿ ಓದಿದ್ದಳು. 1903ರಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ಮದುವೆಯಾಗಿ, ಎರಡೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡ ಕಮಲಾದೇವಿ. ಸರೋಜಿನಿ ನಾಯ್ಡು ಅವರ ತಂಗಿಯ ಗೆಳೆತನ ಆದದ್ದು ಆ ಕಾಲೇಜಿನಲ್ಲಿ, ಅವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾದದ್ದು ಆ ಗೆಳೆತನದಿಂದ. ವಿಧವೆ ಮರುಮದುವೆಯಾದಳೆಂದು ಊರಿನಲ್ಲಿ ಆಡಿಕೊಂಡವರು ಬೇಕಾದಷ್ಟಿದ್ದರು. 1926ರಲ್ಲಿ ಮದ್ರಾಸಿನ ಶಾಸನಸಭೆಗೆ ಮಂಗಳೂರಿನಿಂದ ಚುನಾವಣೆಗೆ ನಿಂತರು. ದೇಶದಲ್ಲಿ ಅಂಥ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಹೆಂಗಸು. ಅತಿ ಕಡಿಮೆ ಮತಗಳ ಅಂತರದಲ್ಲಿ ಸೋತರು. ಮರುವರ್ಷವೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣಗೊಂಡು ಆ ಸಭೆಯೊಳಗೆ ಕಾಲಿಟ್ಟರು, ದೇವದಾಸಿ ಪದ್ಧತಿಯ ವಿರುದ್ಧ ಅಲ್ಲಿಯೇ ಹೋರಾಡಿದರು. ಅದು ಪೂರ್ಣ ಕಾನೂನಾಗಲು 1947 ಬರಬೇಕಾಯಿತು. ಅಜ್ಜಿ ಹೇಳುತ್ತಿದ್ದ ಮದ್ರಾಸಿನ ಆರ್ಡರು ನಿಧಾನವೇ ಹೌದು!

2003ರಲ್ಲಿ ಈ ಕಾಲೇಜನ್ನೇ ಕೆಡವಿ ಸರ್ಕಾರದ ಹೊಸ ಸಚಿವಾಲಯ ಕಟ್ಟುವ ಯೋಜನೆ ಹೊರಟಿತ್ತು. ವಿದ್ಯಾರ್ಥಿನಿಯರು ಆವರಣ ಬಿಟ್ಟು ಕದಲದೆ ಪ್ರತಿಭಟಿಸಿದರು, ಯೋಜನೆ ಕೈಬಿಟ್ಟಿತು. ಹಳೆಯ ಕ್ಯಾಪರ್ ಹೌಸ್ ಈಗಿಲ್ಲ. ಹುಡುಗಿಯರಿದ್ದಾರೆ, ನಾನು ಹೋದ ದಿನ ಗೇಟಿನ ಬಳಿ ಹರಟುತ್ತಾ ಬಸ್ಸಿಗೆ ಕಾಯುತ್ತಿದ್ದರು.

ಎದುರು ಬದಿಯ ಪ್ರತಿಮೆಗಳ ವಿಷಯ ಒಂದು ಮಾತು. 1968ರ ವಿಶ್ವ ತಮಿಳು ಸಮ್ಮೇಳನಕ್ಕೆಂದು ನಿಲ್ಲಿಸಿದ ಹತ್ತು ಪ್ರತಿಮೆಗಳಲ್ಲಿ ಹೆಂಗಸರು ಇಬ್ಬರು, ಔವೈಯಾರ್ ಮತ್ತು ಕಣ್ಣಗಿ. ಗಂಡನನ್ನು ಅನ್ಯಾಯವಾಗಿ ಕೊಂದ ಅರಸನೆದುರು ಕಾಲ್ಗೆಜ್ಜೆ ಎತ್ತಿ ಹಿಡಿದು ನಿಂತ ಆ ಕಣ್ಣಗಿಯನ್ನು 2001ರಲ್ಲಿ ರಾತ್ರೋರಾತ್ರಿ ತೆಗೆದರು, ಸರ್ಕಾರ ಬದಲಾಗಿ 2006ರಲ್ಲಿ ಮರಳಿ ತಂದರು. ಬೇಡ ಎಂದವರೂ ಬೇಕು ಎಂದವರೂ ಅವಳ ಪ್ರಶ್ನೆಯನ್ನು ಎಷ್ಟು ಕೇಳಿಸಿಕೊಂಡರೋ ಕಾಣೆ. ನಾಯಕರ ಸಮಾಧಿಗಳನ್ನು ನಾನು ಬೇಗ ದಾಟಿ ಬಂದೆ. ಅಲ್ಲಿ ಜನಜಂಗುಳಿ.

ಮೂರನೆಯ ದಿನ ತಂಗಿ ಬೆಳಗಿನ ಜಾವವೇ ನೊಚ್ಚಿಕುಪ್ಪಂ ಕಡೆಗೆ ಕರೆದೊಯ್ದಳು. ಕಿನಾರೆಯ ಈ ಬೆಸ್ತರ ಕೇರಿಗಳು ಮರೀನಾದ ಹೆಸರಿಗಿಂತಲೂ ಹಳೆಯವು. 1985ರಲ್ಲಿ ಕಿನಾರೆ ಚಂದ ಮಾಡುತ್ತೇವೆಂದು ಇವರ ದೋಣಿ, ಬಲೆಗಳನ್ನು ಎತ್ತಿಸಲು ಹೋಗಿ ಗೋಲಿಬಾರಾಯಿತು, ಬೆಸ್ತರು ಸತ್ತರು. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸುನಾಮಿ ಬಂದಾಗ ಈ ನಗರವೊಂದರಲ್ಲೇ 200ಕ್ಕೂ ಹೆಚ್ಚು ಜನ ಹೋದರು. ವಾಯುವಿಹಾರಕ್ಕೆ ಬಂದವರು, ಕ್ರಿಕೆಟ್ ಆಡುತ್ತಿದ್ದ ಮಕ್ಕಳು, ಮೀನು ಮಾರುತ್ತಿದ್ದ ಹೆಂಗಸರು. 2023ರ ಏಪ್ರಿಲಿನಲ್ಲಿ ರಸ್ತೆಯ ಸಂಚಾರಕ್ಕೆ ಅಡ್ಡಿ ಎಂದು ಈ ಹೆಂಗಸರ ಅಂಗಡಿಗಳನ್ನು ತೆರವು ಮಾಡಿಸಿದರು, ಅವರು ರಸ್ತೆಯಲ್ಲೇ ಕುಳಿತು ಜಗಳವಾಡಿದರು. 2024ರಲ್ಲಿ ಹೊಸ ಮಾರುಕಟ್ಟೆ ಕಟ್ಟಿಕೊಟ್ಟಿದ್ದಾರೆ. ನಮ್ಮ ಮೊಗವೀರ ಹೆಂಗಸರಂತೆಯೇ ಗಟ್ಟಿ ದನಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಒಬ್ಬಾಕೆಯನ್ನು ಕೇಳಿದೆ, ಹೊಸ ಕಟ್ಟಡ ಒಳ್ಳೆಯದಿದೆಯಲ್ಲ? “ಮಳೆ ಬಂದರೆ ಒಳ್ಳೆಯದಮ್ಮಾ. ಆದರೆ ಗಿರಾಕಿ ಸ್ಕೂಟರಿನಿಂದ ಇಳಿಯಬೇಕಲ್ಲ?” ಎಂದಳು. ತಂಗಿ ಕನ್ನಡಕ್ಕೆ ತಿರುಗಿಸಿ ಹೇಳುವಷ್ಟರಲ್ಲಿ ಅವಳು ಇನ್ನೊಬ್ಬರ ಜೊತೆ ಚೌಕಾಸಿಗೆ ಇಳಿದಿದ್ದಳು.

ಹೊರಡುವ ಹಿಂದಿನ ಸಂಜೆ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದೆವು. ಹತ್ತು ನಿಮಿಷದ ದಾರಿಯಲ್ಲಿ ಮನೆಯಿದ್ದೂ ಅವರು ಅಲೆ ಕಂಡು ಹದಿನೈದು ವರ್ಷವಾಗಿತ್ತು. ಮಂಡಿನೋವಿನವರು ಆ ಮರಳನ್ನು ದಾಟುವುದು ಹೇಗೆ? ಅಂಗವಿಕಲರಿಗಾಗಿ ಮರಳಿನ ಮೇಲೆ ಮರದ ದಾರಿಯೊಂದನ್ನು 2022ರ ನವೆಂಬರಿನಲ್ಲಿ ತೆರೆದಿದ್ದರು. ಮುಂದಿನ ತಿಂಗಳೇ ಮ್ಯಾಂಡಸ್ ಚಂಡಮಾರುತ ಅದನ್ನು ಕೆಡಿಸಿತು, ಮತ್ತೆ ಸರಿಪಡಿಸಿದರು. ಗಾಲಿಕುರ್ಚಿ ತಳ್ಳಿಕೊಂಡು ಆ ಹಲಗೆಗಳ ಮೇಲೆ ಕೊನೆಯವರೆಗೂ ಹೋದೆವು. ಚಿಕ್ಕಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮದುವೆಯಾಗಿ ಬಂದ ಹೊಸತರಲ್ಲಿ ಇದು ಇಷ್ಟು ದೂರ ಇರಲಿಲ್ಲ ಮಾರಾಯ್ತಿ” ಎಂದರು. ಮರಳು ಬೆಳೆದಿತ್ತೋ ಕಾಲು ಸೋತಿತ್ತೋ, ನಾನು ವಾದಿಸಲಿಲ್ಲ. ಸುಂಡಲ್ ಹುಡುಗ ತಕರದ ಡಬ್ಬಿ ಬಡಿಯುತ್ತಾ ಹತ್ತಿರ ಬಂದ. ಮಾವಿನಕಾಯಿ ಜಾಸ್ತಿ ಹಾಕಲು ಹೇಳು ಎಂದರು ಚಿಕ್ಕಮ್ಮ.