ಒದ್ದೆ ಹಾದಿಯ ಸರದಾರ

1926ರ ಜುಲೈ 11. ಜರ್ಮನಿಯ ಮೊತ್ತಮೊದಲ ಗ್ರಾಂಪ್ರಿ ಮೋಟಾರು ಪಂದ್ಯ ಅಂದು ಬರ್ಲಿನ್ ನಗರದ ಅಂಚಿನ ಆವುಸ್ ಹಾದಿಯಲ್ಲಿ ನಡೆಯಿತು. ನೀಳವಾದ ಎರಡು ನೇರ ರಸ್ತೆಗಳು, ಅವುಗಳ ತುದಿಗಳನ್ನು ಕೂಡಿಸುವ ಎರಡು ತಿರುವುಗಳು. ಇಷ್ಟೇ ಆ ಹಾದಿಯ ರೂಪ. ನೋಡಲು ನೆರೆದವರು ಎರಡು ಲಕ್ಷಕ್ಕೂ ಹೆಚ್ಚು. ಸನ್ನೆಯಾದೊಡನೆ ಉಳಿದ ಗಾಡಿಗಳೆಲ್ಲ ಮುಂದಕ್ಕೆ ನುಗ್ಗಿದವು. ಒಂದು ಮರ್ಸಿಡಿಸ್ ಮಾತ್ರ ನಿಂತಲ್ಲೇ ಉಳಿಯಿತು. ಅದರ ಎಂಜಿನ್ನು ಆರಿಹೋಗಿತ್ತು. ಜೊತೆಗಿದ್ದ ಮೆಕ್ಯಾನಿಕ್ ಸಾಲ್ಜರ್ ಕೆಳಕ್ಕೆ ಹಾರಿ, ಗಾಡಿಯನ್ನು ನೂಕಿ, ಎಂಜಿನ್ನು ಹತ್ತಿಕೊಂಡ ಮೇಲೆ ತಾನೂ ಹತ್ತಿಕೊಂಡ. ಅಷ್ಟರಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಚಕ್ರ ಹಿಡಿದು ಕುಳಿತಿದ್ದವನು ಇಪ್ಪತ್ತೈದರ ತರುಣ ರುಡಾಲ್ಫ್ ಕರಾಚಿಯೋಲ. ರೈನ್ ನದಿಯ ದಡದಲ್ಲಿರುವ ರೇಮಾಗೆನ್ ಊರಿನ ಹೋಟೆಲು ಮಾಲೀಕರ ಮನೆಯ ಮಗ. ಡ್ರೆಸ್ಡೆನ್ನಿನಲ್ಲಿ ಮೋಟಾರು ಮಾರುವುದು ಆತನ ಉದ್ಯೋಗ. ಕಂಪನಿ ಆತನಿಗೆ ಗಾಡಿಯನ್ನು ಕೊಟ್ಟಿತ್ತು, ತನ್ನ ತಂಡದ ಹೆಸರನ್ನು ಕೊಟ್ಟಿರಲಿಲ್ಲ.

ಇನ್ನೊಂದು ಮರ್ಸಿಡಿಸ್ ಗಾಡಿಯಲ್ಲಿ ಆಡಾಲ್ಫ್ ರೋಸೆನ್‌ಬರ್ಗರ್ ಎಂಬ ಚಾಲಕನಿದ್ದ. ಈ ಹೆಸರನ್ನು ಕೇಳುಗರು ಸ್ವಲ್ಪ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಓಟದ ನಡುವೆ ಮಳೆ ಸುರಿಯಿತು. ಮುಂದೆ ಇದ್ದ ರೋಸೆನ್‌ಬರ್ಗರನ ಗಾಡಿ ತಿರುವಿನಲ್ಲಿ ಜಾರಿ ಕಾಲಮಾಪಕರ ಗುಡಿಸಲಿಗೆ ಅಪ್ಪಳಿಸಿತು. ಗುಡಿಸಲಿನಲ್ಲಿದ್ದವರ ಪೈಕಿ ಮೂವರು ಸತ್ತರು. ಚಾಲಕ ಗಾಯಗೊಂಡು ಬದುಕಿದ. ಕರಾಚಿಯೋಲನಾದರೋ ನಡುವೆ ಗಾಡಿ ನಿಲ್ಲಿಸಿ ಕೆಟ್ಟ ಸ್ಪಾರ್ಕ್ ಪ್ಲಗ್ಗನ್ನು ಬದಲಿಸಿಕೊಂಡು, ಗೆಲ್ಲುವ ಆಸೆಯನ್ನೇ ಬಿಟ್ಟು, ಮಳೆಯಲ್ಲಿ ಸುತ್ತು ಹಾಕುತ್ತಲೇ ಇದ್ದ. ಓಟ ಮುಗಿದು ಜನ ಬಂದು ಮುತ್ತಿಕೊಂಡಾಗಲೇ ತಾನು ಗೆದ್ದಿರುವುದು ಆತನಿಗೆ ತಿಳಿದದ್ದು! ಓಡಿಸುವವನಿಗೆ ತಾನು ಎಷ್ಟನೆಯವನೆಂದು ತಿಳಿಯದ ಈ ವಿಚಿತ್ರ ಸ್ಥಿತಿಯನ್ನು ಹೋಗಲಾಡಿಸಲು ಮರ್ಸಿಡಿಸ್ ತಂಡದ ನಾಯಕ ಆಲ್ಫ್ರೆಡ್ ನಾಯ್‌ಬಾವರ್ ಫಲಕ ಮತ್ತು ಬಾವುಟಗಳ ಸಂಕೇತಪದ್ಧತಿಯನ್ನು ಬಳಕೆಗೆ ತಂದ.

ಅಂದಿನಿಂದ ಕರಾಚಿಯೋಲನಿಗೆ 'ಮಳೆಯ ಒಡೆಯ' ಎಂಬ ಬಿರುದು ಅಂಟಿಕೊಂಡಿತು. ಬಹುಮಾನದ ಹಣದಿಂದ ಆತ ಬರ್ಲಿನ್ನಿನಲ್ಲಿ ಸ್ವಂತ ಮೋಟಾರು ಮಳಿಗೆಯನ್ನು ತೆರೆದ. ಷಾರ್ಲಟ್ ಎಂಬಾಕೆಯನ್ನು ಮದುವೆಯಾದ. 1931ರಲ್ಲಿ ಇಟಲಿಯ ಸಾವಿರ ಮೈಲಿಗಳ ಪಂದ್ಯವಾದ 'ಮಿಲ್ಲೆ ಮಿಲ್ಯ'ದಲ್ಲಿ ಗೆದ್ದ ಮೊದಲ ಪರದೇಶೀಯನೆನಿಸಿದ. ಆತನ ಹಿರಿಮೆ ಧೈರ್ಯಕ್ಕಿಂತ ಮಿಗಿಲಾಗಿ ನಯದಲ್ಲಿತ್ತೆಂದು ನನ್ನ ಅಭಿಪ್ರಾಯ. ಅಂದಿನ ಕಿರಿದಾದ ಟೈರುಗಳ ಮೇಲೆ, ಒದ್ದೆ ರಸ್ತೆಯಲ್ಲಿ, ಬ್ರೇಕನ್ನಾಗಲಿ ಚಕ್ರವನ್ನಾಗಲಿ ಒರಟಾಗಿ ಮುಟ್ಟಿದವನು ಉಳಿಯುತ್ತಿರಲಿಲ್ಲ. ನೋಡುವವರ ಕಣ್ಣಿಗೆ ಕರಾಚಿಯೋಲ ವೇಗವಾಗಿ ಹೋಗುತ್ತಿರುವಂತೆಯೇ ತೋರುತ್ತಿರಲಿಲ್ಲ; ಗಡಿಯಾರ ಮಾತ್ರ ಬೇರೆ ಕಥೆಯನ್ನು ಹೇಳುತ್ತಿತ್ತು.

1933ರ ಏಪ್ರಿಲಿನಲ್ಲಿ ಮೊನಾಕೊ ಪಂದ್ಯದ ಅಭ್ಯಾಸದ ವೇಳೆ ಬ್ರೇಕು ಕೈಕೊಟ್ಟು ಆತನ ಗಾಡಿ ಗೋಡೆಗೆ ಬಡಿಯಿತು. ಬಲತೊಡೆಯ ಎಲುಬು ನುಚ್ಚುನೂರಾಯಿತು. ತಿಂಗಳುಗಟ್ಟಲೆ ಗಾರೆಕಟ್ಟಿನಲ್ಲಿ ಮಲಗಿ ಎದ್ದಾಗ ಆ ಕಾಲು ಸುಮಾರು ಎರಡು ಅಂಗುಲದಷ್ಟು ಗಿಡ್ಡವಾಗಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಸ್ಕೀಯಿಂಗ್ ಮಾಡಲು ಹೋದ ಷಾರ್ಲಟ್ ಹಿಮಪಾತಕ್ಕೆ ಸಿಕ್ಕಿ ತೀರಿಕೊಂಡಳು. ಗೆಳೆಯ ಲೂಯಿ ಷಿರೋನ್ ಒತ್ತಾಯ ಮಾಡಿ ಆತನನ್ನು ಮೊನಾಕೊಗೆ ಕರೆತಂದ. 1934ರ ಪಂದ್ಯಕ್ಕೆ ಮುನ್ನ, ಬಿದ್ದ ಅದೇ ಬೀದಿಗಳಲ್ಲಿ ಕರಾಚಿಯೋಲ ಗೌರವದ ಒಂದು ಸುತ್ತು ಹಾಕಿದ. ನೋವು ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಆದರೂ ಯೂರೋಪಿನ ಚಾಂಪಿಯನ್ ಪಟ್ಟ ಆತನಿಗೆ 1935, 1937 ಮತ್ತು 1938ರಲ್ಲಿ ಮೂರು ಸಲ ದೊರೆಯಿತು. ಮೂರೂ ಆ ಕುಂಟುಗಾಲಿನ ಮೇಲೆಯೇ.

ಇಲ್ಲಿಯವರೆಗೆ ಹೇಳಿದ್ದು ಶೌರ್ಯದ ಕಥೆ. ಆದರೆ ಆ ಗೆಲುವುಗಳ ಹಿಂದೆ ನಿಂತಿದ್ದ ಹಣದ ಮಾತನ್ನು ಬಿಟ್ಟರೆ ಚರಿತ್ರೆ ಅರ್ಧವಾದೀತು. 1933ರಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನ ಸರ್ಕಾರ ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಎಂಬ ಎರಡು ಕಂಪನಿಗಳಿಗೆ ಪಂದ್ಯದ ಗಾಡಿ ಕಟ್ಟಲು ಧನಸಹಾಯ ನೀಡಿತು. ಬೆಳ್ಳಿಯ ಬಣ್ಣದ ಆ ಗಾಡಿಗಳ ಒಂದೊಂದು ಗೆಲುವೂ ಪ್ರಭುತ್ವದ ಡಂಗುರವಾಯಿತು. ಚಾಲಕರು ನಾಜಿ ಪಕ್ಷದ ಮೋಟಾರು ದಳದ ಸದಸ್ಯರಾದರು, ಕರಾಚಿಯೋಲನೂ ಆದ. ಆತ ಲುಗಾನೊದಲ್ಲಿ, ಜರ್ಮನಿಯ ಗಡಿಯಾಚೆ, ಮನೆ ಮಾಡಿಕೊಂಡಿದ್ದನೆಂಬುದು ನಿಜ; ಪಂದ್ಯದ ಕೊನೆಯಲ್ಲಿ ಸ್ವಸ್ತಿಕದ ಬಾವುಟದಡಿ ನಿಂತದ್ದೂ ಅಷ್ಟೇ ನಿಜ. ಎರಡರಲ್ಲಿ ಒಂದನ್ನು ಮರೆತು ಇನ್ನೊಂದನ್ನು ಹೇಳುವುದು ನ್ಯಾಯವಲ್ಲ.

ಈಗ ರೋಸೆನ್‌ಬರ್ಗರನ ಮಾತು. ಆತ ಯಹೂದಿ. ಚಾಲಕವೃತ್ತಿಯನ್ನು ಬಿಟ್ಟ ಮೇಲೆ 1931ರಲ್ಲಿ ಫರ್ಡಿನಾಂಡ್ ಪೋರ್ಷೆಯೊಡನೆ ಸೇರಿ ಪೋರ್ಷೆ ಕಂಪನಿಯನ್ನು ಸ್ಥಾಪಿಸಿದ. ಅದಕ್ಕೆ ತನ್ನ ಹಣವನ್ನೂ ಹಾಕಿದ. ಆಟೋ ಯೂನಿಯನ್ನಿನ ಪಂದ್ಯದ ಗಾಡಿ ಮೂಡಿದ್ದು ಆ ಕಂಪನಿಯ ನಕ್ಷೆಯಿಂದ. 1935ರಲ್ಲಿ ಆತನ ಪಾಲು ನಾಮಮಾತ್ರದ ಬೆಲೆಗೆ ಕೈತಪ್ಪಿತು. ಆ ವರ್ಷದ ಸೆಪ್ಟೆಂಬರಿನಲ್ಲಿ 'ಜನಾಂಗದ್ರೋಹ'ದ ಆರೋಪದ ಮೇಲೆ ಆತನನ್ನು ಬಂಧಿಸಿ ಕಿಸ್ಲೌ ಸೆರೆಶಿಬಿರಕ್ಕೆ ಒಯ್ದರು. ಅದೇ ಸೆಪ್ಟೆಂಬರ್ 22ರಂದು ಕರಾಚಿಯೋಲ ಸ್ಪೇನಿನ ಗ್ರಾಂಪ್ರಿಯನ್ನು ಗೆದ್ದ. ಒಂಬತ್ತು ವರ್ಷಗಳ ಹಿಂದೆ ಒಂದೇ ಮಳೆಯಲ್ಲಿ, ಒಂದೇ ಕಂಪನಿಯ ಗಾಡಿಗಳಲ್ಲಿ ಓಡಿದ್ದ ಇಬ್ಬರು ಇವರು.

1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಷ್ಟಾಟ್ ನಡುವಣ ಹೊಸ ಹೆದ್ದಾರಿಯಲ್ಲಿ ಕರಾಚಿಯೋಲ ಗಂಟೆಗೆ 432.7 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಸಾರ್ವಜನಿಕ ರಸ್ತೆಯ ಮೇಲಿನ ಆ ವೇಗವನ್ನು 2017ರವರೆಗೆ ಯಾರೂ ಮೀರಲಿಲ್ಲ. ಮರ್ಸಿಡಿಸಿನ ದಾಖಲೆಯನ್ನು ಅಂದೇ ಮುರಿಯಬೇಕೆಂದು ಆಟೋ ಯೂನಿಯನ್ನಿನ ಬರ್ನ್ಡ್ ರೋಸೆಮಾಯರ್ ತನ್ನ ಗಾಡಿಯನ್ನು ಹೊರಡಿಸಿದ. ಆ ವೇಳೆಗೆ ಗಾಳಿ ಎದ್ದಿತ್ತು. ಪಕ್ಕದಿಂದ ಬೀಸಿದ ಗಾಳಿಗೆ ಗಾಡಿ ರಸ್ತೆ ಬಿಟ್ಟು ಹಾರಿತು. 1936ರ ಚಾಂಪಿಯನ್ನಾಗಿದ್ದ ಆ ಇಪ್ಪತ್ತೆಂಟರ ಚಾಲಕ ಅಲ್ಲಿಯೇ ಸತ್ತ. ಎರಡು ಕಂಪನಿಗಳ ಪೈಪೋಟಿಗೆ ಆ ಬೆಳಿಗ್ಗೆ ಏನು ಅವಸರವಿತ್ತು? ಫೆಬ್ರವರಿಯಲ್ಲಿ ಬರ್ಲಿನ್ನಿನ ಮೋಟಾರು ಪ್ರದರ್ಶನ ಏರ್ಪಾಡಾಗಿತ್ತು, ಅಷ್ಟೇ.

1939ರ ಜುಲೈಯಲ್ಲಿ ಕರಾಚಿಯೋಲ ಜರ್ಮನ್ ಗ್ರಾಂಪ್ರಿಯನ್ನು ಆರನೆಯ ಬಾರಿ ಗೆದ್ದ. ಅಂದೂ ಮಳೆ ಬಂದಿತ್ತು. ಆರು ವಾರಗಳೊಳಗೆ ಯುದ್ಧ ಮೊದಲಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಓಡಿಸಲು ಹೊರಟ. 1952ರಲ್ಲಿ ಬರ್ನ್ ನಗರದ ಪಂದ್ಯದಲ್ಲಿ ಗಾಡಿ ಮರಕ್ಕೆ ಬಡಿದು, ಉಳಿದಿದ್ದ ಎಡಗಾಲೂ ಮುರಿಯಿತು. 1959ರ ಸೆಪ್ಟೆಂಬರ್ 28ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ.

ರೋಸೆನ್‌ಬರ್ಗರ್ ಸೆರೆಯಿಂದ ಬಿಡುಗಡೆ ಹೊಂದಿ, ಫ್ರಾನ್ಸಿನ ಮೂಲಕ ಅಮೆರಿಕಕ್ಕೆ ಹೋಗಿ, ಆಲನ್ ರಾಬರ್ಟ್ ಎಂದು ಹೆಸರು ಬದಲಿಸಿಕೊಂಡು 1967ರವರೆಗೆ ಬದುಕಿದ. ಪೋರ್ಷೆ ಕಂಪನಿಯಲ್ಲಿ ಕಳೆದುಕೊಂಡ ಹತ್ತನೆಯ ಒಂದು ಪಾಲಿಗೆ ಪರಿಹಾರವಾಗಿ ಯುದ್ಧಾನಂತರ ಆತನ ಕೈಸೇರಿದ್ದು 50,000 ಮಾರ್ಕುಗಳು ಮತ್ತು ಒಂದು ಕಾರು.